ಆದ್ರೆ ಅಂದ ಮೇಲಿನ ಮಾತು

ಅಣ್ಣ ನನ್ನ ಬಾಗಿಲಿಗೆ ಬಂದು ಮೂರು ಸಲ ಕರೆದ. ನಾನು ಓಗೊಡಲಿಲ್ಲ. ನಾನು ಮಾಡಿದ ತಪ್ಪು ಇದು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದುಕೊಂಡರೆ ಅವನ ಬಗ್ಗೆ ಒಳ್ಳೆಯ ಮಾತು ಬರೆಯುತ್ತಾ ಬರೆಯುತ್ತಾ ಇದೊಂದನ್ನು ನುಂಗಿಕೊಂಡುಬಿಡುತ್ತೇನೆ. ನುಂಗುವುದು ನನಗೆ ಅಭ್ಯಾಸ.

ನಮ್ಮ ಕಡೆ ಒಂದು ನಂಬಿಕೆ ಇದೆ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೆಯದಕ್ಕೆ ಓಗೊಡಬಾರದು, ಎರಡನೆಯದಕ್ಕೂ ಬೇಡ. ಮೂರನೆಯ ಸಲವೂ ಕೂಗಿದರೆ ಅದು ಮನುಷ್ಯರೇ. ಬೇರೆಯದಕ್ಕೆ ಮೂರು ಸಲ ಕೂಗುವ ತಾಳ್ಮೆ ಇರುವುದಿಲ್ಲವಂತೆ. ಅಣ್ಣ ಮೂರೂ ಸಲ ಕೂಗಿದ. ಈಗ ಅವನು ತೀರಿಕೊಂಡು ನಾಲ್ಕು ತಿಂಗಳಾಯಿತು. ಮಧ್ಯಾಹ್ನ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರೆ ಕೆಲವು ದಿನ, ಅವನು ನನ್ನನ್ನು ಕರೆಯುತ್ತಿದ್ದ ಹಾಗೇ, ‘ಅಮ್ಮೀ’ ಎಂದು ಕೇಳಿಸುತ್ತದೆ. ಒಂದೇ ಸಲ. ಕೈ ನಿಲ್ಲಿಸಿ ಕಾಯುತ್ತೇನೆ. ಎರಡನೆಯದು ಬರುವುದಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಒಂದು ಸಲ ಅಚ್ಚಾಗಿ ಹಾಳಾದದ್ದೇ ಸಾಕು.

ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಬಿ.ಎ. ಓದಿದ್ದ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ತರಲು ಕೈ ಬೇಕಿತ್ತು. ಅಕ್ಷರ ಮರೆಯದಂತೆ ದಿನಾ ಪೇಪರಿನ ತಲೆಬರಹ ಓದಿಸಿದವನು ಅವನೇ. ಮದುವೆ ಮಾಡಿಕೊಳ್ಳಲಿಲ್ಲ. ರಾಮನಗರದಲ್ಲಿ ನೂಲು ತೆಗೆಯುವವರ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಬೆಂಗಳೂರಿನ ಒಂದು ಪತ್ರಿಕೆಗೆ ಅಲ್ಲಿಂದ ಸುದ್ದಿ ಬರೆದು ಕಳಿಸುತ್ತಿದ್ದ. ಖಾಯಂ ನೌಕರಿ ಏನಲ್ಲ. ಬೇಡ ಎಂದರೆ ಮಾರನೆಯ ದಿನದಿಂದ ಬೇಡ, ಅಂಥದ್ದು.

ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಒಂದು ನೀಲಿ, ಒಂದು ಕಪ್ಪು. ಒಂದು ಕಡೆಯವರ ಮಾತು ನೀಲಿಯಲ್ಲಿ, ಇನ್ನೊಂದು ಕಡೆಯವರದು ಕಪ್ಪಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆದಾದ ಮೇಲೆ ಪುಸ್ತಕವನ್ನು ದೂರ ಹಿಡಿದು, ಅಕ್ಷರ ಕಾಣದಷ್ಟು ಕಣ್ಣು ಕಿರಿದು ಮಾಡಿ ಬಣ್ಣ ಮಾತ್ರ ನೋಡುವನು. ಒಂದೇ ಬಣ್ಣ ಜಾಸ್ತಿಯಾಗಿದ್ದರೆ ಮತ್ತೆ ಬಸ್ಸು ಹತ್ತುವನು.

‘‘ಒಂದೇ ಬಣ್ಣ ಆಗೋದ್ರೆ ಉಂಡ ಅನ್ನ ಇಳ್ಯಲ್ಲ ಕಣಮ್ಮಿ’’ ಅನ್ನುತ್ತಿದ್ದ.

ಅವನು ಪೇಪರು ಓದುತ್ತಿದ್ದ ರೀತಿ ಕಂಡರೆ ಚಿಕ್ಕಂದಿನಲ್ಲಿ ನನಗೆ ಹೆದರಿಕೆ ಆಗುತ್ತಿತ್ತು. ಓದಿ ಮುಗಿಸಿ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿಯುವನು. ಹಿಂದಿನ ಪುಟದ ಅಕ್ಷರಗಳು ತಿರುಗುಮುರುಗಾಗಿ ಮುಂದಿನವುಗಳ ಮೇಲೆ ಮೂಡುತ್ತಿದ್ದವು, ಮಂತ್ರ ಹಾಕುವವರು ತಗಡಿನ ಮೇಲೆ ಗೀಚಿದ ಹಾಗೆ.

‘‘ಏನ್ ಹುಡುಕ್ತಿಯಣ್ಣ ಅದ್ರಲ್ಲಿ?’’

‘‘ಮೂಳೆ. ಎಕ್ಸರೇ ತೆಗೆದಂಗೆ. ಇಲ್ನೋಡು, ಮುಂದ್ಗಡೆ ಒಂದು ಕಂಪ್ನಿ ಹೊಗಳವ್ರೆ. ಹಿಂದ್ಗಡೆ ಅದೇ ಕಂಪ್ನಿ ಜಾಹೀರಾತು. ನೆನ್ನೆ ಪೇಪರ್ ತತ್ತಾ... ಮುಂದ್ಗಡೆ ಮಂತ್ರಿ ಯೋಜ್ನೆ ಹೊಗಳವ್ರೆ. ಹಿಂದ್ಗಡೆ ಪುಟದ ತುಂಬ ಸರ್ಕಾರದ ಜಾಹೀರಾತು. ಯಾರೂ ಸುಳ್ಳು ಬರ್ಯಲ್ಲಮ್ಮಿ. ಅರ್ಧ ಬರೀತಾರೆ, ಅಷ್ಟೇಯ.’’

ಸುದ್ದಿ ಆಗುವ ಮೊದಲೇ ಅದರ ತಲೆಬರಹ ಬೆಂಗಳೂರಿನಿಂದ ಫೋನಿನಲ್ಲಿ ಬಂದುಬಿಡುತ್ತಿತ್ತು. ಹಾರೋಹಳ್ಳಿಯಲ್ಲಿ ಅಧಿಕಾರಿಗಳು ಒಂದು ಸಣ್ಣ ಕಾರ್ಖಾನೆಗೆ ಬೀಗ ಹಾಕಿದ್ದರು. ಕಚೇರಿಯಿಂದ ಬಂದ ತಲೆಬರಹ, ‘ನಿಯಮಗಳ ಕಿರುಕುಳ: ಉದ್ಯಮಗಳು ಓಡಿಹೋಗುತ್ತಿವೆ’. ಅಣ್ಣ ಹೋಗಿ ನೋಡಿದ. ಕೆಲಸ ಕಳೆದುಕೊಂಡು ಗೇಟಿನ ಮುಂದೆ ಕೂತವರನ್ನೂ ಕೇಳಿದ, ಹಿಂದಿನ ಬೀದಿಯಲ್ಲಿ ಬಾವಿಯ ನೀರು ಮೂಸಿ ಮೂಸಿ ಚೆಲ್ಲುತ್ತಿದ್ದ ಹೆಂಗಸರನ್ನೂ ಕೇಳಿದ. ಎರಡೂ ಬರೆದ. ಅಚ್ಚಾದದ್ದು ಗೇಟಿನ ಮುಂದಿನವರು ಮಾತ್ರ.

ಚನ್ನಪಟ್ಟಣದಲ್ಲಿ ಇದೇ ತಿರುಗುಮುರುಗಾಯಿತು. ಆಟಿಕೆಗೆ ಸರ್ಕಾರದ ಮುದ್ರೆ ಕಡ್ಡಾಯ ಎಂದು ಹೊಸ ನಿಯಮ ಬಂದಿತ್ತು. ಈ ಸಲದ ತಲೆಬರಹ, ‘ವಿದೇಶಿ ಗೊಂಬೆಗೆ ಕಡಿವಾಣ: ಕುಶಲಕರ್ಮಿಗಳಿಗೆ ಹಬ್ಬ’. ಮರದ ಗೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದ ಮುದುಕರೊಬ್ಬರು ಅಣ್ಣನಿಗೆ ಹೇಳಿದ್ದು ಬೇರೆ: ‘‘ಹೊರಗಿಂದು ನಿಂತಿದ್ದು ಒಳ್ಳೇದೇ ಸಾರ್. ಆದ್ರೆ ಆ ಮುದ್ರೆ ತರೋಕೆ ನಾನು ಯಾವ ಆಫೀಸು ಹತ್ಲಿ? ನನಗೆ ಗೊತ್ತಿರೋದು ನಾನು ಕೂತು ಕೆಲ್ಸ ಮಾಡೋ ಇದೊಂದು ಪಟ್ಟಡಿ.’’ ಮೊದಲ ಮಾತು ಬಂತು, ಎರಡನೆಯದು ಬರಲಿಲ್ಲ.

‘‘ಗುಂಡಿ ತೋಡಿ ಮಡಗವ್ರೆ. ಅಳತೆಗೆ ಸರ್ಯಾಗಿರೋ ಹೆಣ ತಂದ್ಕೊಡೋದಷ್ಟೇ ನಂದು’’ ಎಂದು ನಗುತ್ತಿದ್ದ. ಅವನು ನಗುವಾಗ ಮೈ ಮಾತ್ರ ಕುಲುಕುತ್ತಿತ್ತು, ಶಬ್ದ ಬರುತ್ತಿರಲಿಲ್ಲ.

‘ನೀನು ಯಾವ ಕಡೆ? ಸರ್ಕಾರದ ಕಡೆಯೋ, ವ್ಯಾಪಾರದ ಕಡೆಯೋ?’ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಕೆಣಕುವರು. ಅವನ ಗೆಳೆಯ ಖಲೀಲ್ ಸಾಬರು ನೂಲು ತೆಗೆಯುವ ರೀಲರು. ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಸತ್ತಿದೆಯೋ ಬದುಕಿದೆಯೋ ಎಂದು ಸದ್ದಿನಲ್ಲೇ ಹೇಳುವವರು. ಅವರೂ ಒಂದು ದಿನ ಕೇಳಿದರಂತೆ. ಅಣ್ಣ ಹೇಳಿದ್ದು: ‘‘ನಾನು ಗೂಡಿನೊಳಗಿರೋ ಹುಳದ ಕಡೆ ಸಾಬ್ರೆ. ಅದರ ಮುಂದೆ ಇದುವರ್ಗೂ ಯಾರೂ ಮೈಕ್ ಹಿಡ್ದು ಬೈಟ್ ಕೇಳಿಲ್ಲ.’’

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ನಮ್ಮ ರೇಷ್ಮೆ ಗೂಡನ್ನು ನಾವು ಮನೆ ಮುಂದೆ ಮಾರುವಂತಿಲ್ಲ. ಸರ್ಕಾರದ ಗೂಡಿನ ಮಾರುಕಟ್ಟೆಗೇ ತರಬೇಕು, ಹರಾಜಿನಲ್ಲೇ ಕೊಡಬೇಕು. ಬಂದ ಬೆಲೆ ಒಪ್ಪದಿದ್ದರೆ ಬೇಡ ಎನ್ನಬಹುದು. ಆದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುವ ದಿನ ಹತ್ತಿರವಾಗುತ್ತಿರುತ್ತದೆ, ಎಷ್ಟು ದಿನ ಬೇಡ ಎನ್ನುವುದು? ಈ ಕಟ್ಟು ಇರಬೇಕೋ ಬಿಚ್ಚಬೇಕೋ ಎಂಬುದು ನಮ್ಮ ಸೀಮೆಯ ಹಳೇ ಜಗಳ. ಇದಕ್ಕೆ ಜನರು ಮನೆಯೊಳಗೇ ಎರಡು ಪಾಲಾಗಿದ್ದಾರೆ. ನನ್ನೊಳಗೂ ಎರಡು ಪಾಲಿತ್ತು.

ಒಂದು ದಿನ ರಾಮನಗರದಲ್ಲಿ ನನ್ನ ಗೂಡು ಹರಡಿಕೊಂಡು ನಿಂತಿದ್ದೆ. ಬೆಲೆ ಬಿದ್ದಿತ್ತು. ಟಿವಿಯವರು ಬಂದರು. ಓದಿದ ಹುಡುಗಿ, ಮೈಕು ನನ್ನ ಗಲ್ಲಕ್ಕೆ ತಾಗುವಂತೆ ಹಿಡಿದು, ‘‘ಅಮ್ಮ, ಇಲ್ಲೇ ಮಾರ್ಬೇಕು ಅನ್ನೋ ಕಾನೂನು ತೆಗೀಬೇಕಾ?’’ ಎಂದಳು. ಪಕ್ಕದಲ್ಲಿ ಖಲೀಲ್ ಸಾಬರು ನನ್ನ ಗೂಡಿಗೆ ಕೈ ಹಾಕಿ ನೋಡುತ್ತಿದ್ದರು. ಹಿಂದೆ ಅಣ್ಣ ಪುಸ್ತಕ ಹಿಡಿದು ನಿಂತಿದ್ದ. ನನ್ನ ಜನ್ಮದಲ್ಲಿ ಅದುವರೆಗೆ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ನಾನು ಹೇಳಿದೆ:

‘‘ಈ ಬೆಲೆ ನೋಡಿದ್ರೆ ಹೊಟ್ಟೆ ಉರೀತದೆ. ನಮ್ಮ ಗೂಡು ನಮ್ಮಿಷ್ಟ, ಬುಟ್ಬುಡ್ಲಿ ನಮ್ಮನ್ನ, ಮನೆ ಮುಂದೇನೇ ಮಾರ್ಕತ್ತೀವಿ ಅನ್ನಿಸ್ತದೆ. ಆದ್ರೆ ಈ ಹರಾಜಿನ ಕಟ್ಟೆ ಇಲ್ದೆ ಹೋದ್ರೆ, ಮನೆ ಮುಂದೆ ಬಂದೋನು ಕೇಳಿದ್ದೇ ಬೆಲೆ. ಅವತ್ತು ನಮ್ಮನ್ನ ಕಾಯೋರ್ಯಾರು?’’

ಸಂಜೆ ಏಳಕ್ಕೆ ಟಿವಿಯಲ್ಲಿ ಬಂದೆ. ಊರಿನ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದರು. ‘ಮನೆ ಮುಂದೇನೇ ಮಾರ್ಕತ್ತೀವಿ ಅನ್ನಿಸ್ತದೆ’ ಎಂದವಳ ಬಾಯಿ ಹಾಗೇ ತೆರೆದು ನಿಂತಿತು. ಚಿತ್ರ ಅಲ್ಲಿಗೇ ನಿಂತುಹೋಯಿತು. ಕೆಳಗೆ ಕೆಂಪು ಅಕ್ಷರ: ‘ಮಾರುಕಟ್ಟೆಯ ಸಂಕೋಲೆ ಬೇಡ ಎಂದ ದಿಟ್ಟ ಮಹಿಳೆ’. ಆ ಬಾಯಿ ‘ಆದ್ರೆ’ ಎನ್ನಲು ತೆರೆದದ್ದು. ಮುಖ ನನ್ನದು, ದನಿ ನನ್ನದು, ಮಾತು ಕೂಡ ನನ್ನದೇ. ಆದರೂ ಅವಳು ನಾನಾಗಿರಲಿಲ್ಲ.

ಅಣ್ಣ ಫೋನು ಮಾಡಿದ. ‘‘ತಲೆ ತಗಂಡು ಮುಂಡ ಬುಟ್ಟವ್ರೆ. ಬಾಯಿ ನೋಡ್ದೇನಮ್ಮಿ? ಇನ್ನೂ ತೆಗ್ದೇ ಐತೆ.’’

ಆ ವಿಡಿಯೊ ಎಲ್ಲರ ಮೊಬೈಲಿಗೂ ಹೋಯಿತು. ಹಿಟ್ಟಿನ ಗಿರಣಿಯಲ್ಲಿ ನನ್ನ ದನಿ, ಡೈರಿಯ ಮುಂದೆ ನನ್ನ ದನಿ. ಕನಕಪುರದ ಬಸ್ಸಿನಲ್ಲಿ ಒಂದು ದಿನ ಬೆನ್ನ ಹಿಂದಿನಿಂದ ನಾನೇ ಮಾತಾಡಿದೆ. ತಿರುಗಿ ನೋಡಿದರೆ ಒಬ್ಬಾಕೆ ಮೊಬೈಲು ನೋಡುತ್ತಿದ್ದಳು. ನನ್ನ ಮುಖ ನೋಡಿದಳು, ಮೊಬೈಲು ನೋಡಿದಳು. ‘‘ಇದು ನೀವಾ?’’ ಎಂದಳು. ಬಾಯಿಗೆ ಬಂದದ್ದು, ‘‘ಅಲ್ಲ’’.

ಹೀಗೆಲ್ಲ ಬರೆದರೆ ನನಗೆ ಅದು ಬೇಡವಾಗಿತ್ತು ಎನ್ನಿಸಬಹುದು. ಹಾಗಲ್ಲ. ನಿಜ ಹೇಳಬೇಕು. ಗೂಡನ್ನು ಎಲ್ಲಿ ಬೇಕಾದರೂ ಮಾರಲು ಬಿಡಿ ಎಂದು ಹೋರಾಡುತ್ತಿದ್ದ ಮುಖಂಡರೊಬ್ಬರಿದ್ದರು, ಕೆಟ್ಟವರಲ್ಲ, ಮಾತು ಮೆತ್ತಗಿನವರು. ಅವರು ಮಾಗಡಿಯ ಸಭೆಗೆ ನನ್ನನ್ನು ಕಾರಿನಲ್ಲಿ ಕರೆದೊಯ್ದು ಶಾಲು ಹೊದಿಸಿದರು. ನಾಲ್ಕನೇ ಕ್ಲಾಸಿನವಳು ಬಂದಾಗ ಓದಿದವರು ಎದ್ದು ನಿಂತರು. ಮನೆಯಲ್ಲಿ ನನ್ನ ಮಾತಿಗೆ ಹೂಂ ಎನ್ನದ ಗಂಡ, ‘ಅವ್ಳನ್ನೇ ಕೇಳಿ’ ಎನ್ನಲು ಶುರು ಮಾಡಿದ. ನನಗೆ ಆ ಅರ್ಧ ಮಾತು ರುಚಿಸಿಬಿಟ್ಟಿತು.

ಅಷ್ಟರಲ್ಲಿ ಅಣ್ಣನ ಸುದ್ದಿ ಜಿಲ್ಲಾ ಪುಟದಲ್ಲಿ ಬಂದಿತ್ತು. ಅದರಲ್ಲಿ ನನ್ನ ಎರಡೂ ಮಾತಿತ್ತು, ‘ಆದ್ರೆ’ ಕೂಡ ಇತ್ತು. ಹೇಗೋ ಯಾರ ಕಣ್ಣಿಗೂ ಬೀಳದೆ ತೂರಿಕೊಂಡು ಹೋಗಿತ್ತು. ಆ ಪತ್ರಿಕೆಯೂ ಆ ಟಿವಿಯೂ ಒಂದೇ ಮನೆಯವು. ‘ನಮ್ಮ ಟಿವಿಯಲ್ಲಿ ಆಕೆಯೇ ಹೇಳಿದ್ದು ಒಂದು, ನೀನು ಬರೆದದ್ದು ಇನ್ನೊಂದು. ಆಮೇಲಿನ ಮಾತು ಎಲ್ಲಿಂದ ತಂದೆ?’ ಎಂದು ಅವನನ್ನು ಕರೆಸಿ ಕೇಳಿದರು. ಖಲೀಲ್ ಸಾಬರು ತಾವೇ ಕಚೇರಿಗೆ ಹೋಗಿ, ‘ನಾನು ಪಕ್ಕದಲ್ಲಿದ್ದೆ, ಕಿವಿಯಾರೆ ಕೇಳಿದೆ’ ಎಂದರಂತೆ. ‘ರೀಲರು ಹಾಗೇ ಹೇಳ್ತಾರೆ, ಒಂದೇ ಕಡೆ ಗೂಡು ಸಿಗೋಕೆ ಅವರಿಗೆ ಮಾರುಕಟ್ಟೆ ಬೇಕು’ ಎಂದು ಕಳಿಸಿದರು. ಆಕೆ ಇವನ ತಂಗಿ ಎಂದು ಯಾರೋ ತಿಳಿಸಿದ ಮೇಲಂತೂ ಮುಗಿಯಿತು. ಸರ್ಕಾರದವರ ಋಣಕ್ಕೆ ಬಿದ್ದು ಸ್ವಂತ ತಂಗಿಯ ಮಾತನ್ನೇ ತಿರುಚಿದ ಎಂದಾಯಿತು. ಕೊನೆಗೆ ಮೇಲಿನವರು ಒಂದು ದಾರಿ ಬಿಟ್ಟರು: ತಂಗಿ ಬಂದು ನಮ್ಮೆದುರು ಎರಡೂ ಮಾತು ಆಡಿದ್ದು ಹೌದು ಎಂದರೆ ನೀನು ಉಳಿಯುತ್ತೀಯ.

ಅದಕ್ಕೇ ಅವನು ಬಂದದ್ದು. ಕಬ್ಬಾಳಿನ ದಾರಿಯಲ್ಲಿ ಬಸ್ಸು ಇಳಿದು, ಬಿಸಿಲಲ್ಲಿ ನಡೆದು ಬರುವುದು ನನಗೆ ದೂರದಿಂದಲೇ ಕಂಡಿತು. ಹಿಂದಿನ ದಿನವೇ ಫೋನಿನಲ್ಲಿ ವಿಷಯ ಹೇಳಿದ್ದ. ನಾನು ಹುಳುಮನೆಯೊಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡೆ. ನಮ್ಮಲ್ಲಿ ಹುಳುಮನೆಯ ಕಟ್ಟಳೆ ದೇವರ ಮನೆಯದಕ್ಕಿಂತ ಬಿಗಿ. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಸದ್ದು ಮಾಡಬಾರದು, ಹೊರಗಿನವರು ಹೊಸಿಲು ದಾಟಬಾರದು, ಒಳಗಿದ್ದವರನ್ನು ಹೊರಗೆ ಎಳೆಯಬಾರದು. ‘ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಅವ್ಳು ಬರಂಗಿಲ್ಲ’ ಅನ್ನು ಎಂದು ಗಂಡನಿಗೆ ಹೇಳಿದ್ದೆ. ಅವನು ಹಾಗೇ ಹೇಳಿದ. ಅಣ್ಣ ಹುಳುಮನೆಯಲ್ಲೇ ಹುಟ್ಟಿ ಬೆಳೆದವನು, ಕಟ್ಟಳೆ ಮೀರುವವನಲ್ಲ. ಬಾಗಿಲ ಮುಂದೆ ಬಂದು, ಹೊಸಿಲಾಚೆಯೇ ನಿಂತು, ದನಿ ತಗ್ಗಿಸಿ ಕರೆದ.

‘‘ಅಮ್ಮೀ.’’

ನಾನು ತಟ್ಟೆಗಳ ಸ್ಟ್ಯಾಂಡಿನ ಸಂದಿಯಲ್ಲಿ ಕತ್ತಲಲ್ಲಿ ಕೂತಿದ್ದೆ.

‘‘ಅಮ್ಮೀ, ನೀನು ನನ್ ಪರ ಹೇಳ್ಬೇಡ ಕಣವ್ವ. ನೀನು ಆಡಿದ್ದೇ ಹೇಳು, ಸಾಕು. ಒಂದು ಗಳಿಗೆ ಕೆಲ್ಸ.’’

ನನ್ನ ಕೈಯನ್ನೇ ಬಾಯಿಗೆ ಇಟ್ಟುಕೊಂಡೆ.

ಬಾಗಿಲ ಸಂದಿಯಲ್ಲಿ ಅವನ ನೆರಳು ನೆಲದ ಮೇಲೆ ಗೆರೆಯಂತೆ ಬಿದ್ದು ನನ್ನ ಪಾದದವರೆಗೆ ಬಂದಿತ್ತು. ಕಾಲು ಒಳಗೆಳೆದುಕೊಂಡೆ.

‘‘ಅಮ್ಮೀ.’’ ಮೂರನೆಯದು ಕರೆದ ಹಾಗಿರಲಿಲ್ಲ. ಹೇಳಿದ ಹಾಗಿತ್ತು.

ಅವನು ಹೋದ ಮೇಲೆ ಹೊರಗೆ ಬಂದೆ. ನನ್ನ ಚಪ್ಪಲಿ ಬಾಗಿಲ ಮುಂದೆ ಬಿಸಿಲಲ್ಲಿ ಬಿಟ್ಟಿದ್ದೆ. ಅವು ಗೋಡೆಯ ನೆರಳಿಗೆ ಸರಿದು, ಜೋಡಿಯಾಗಿ ಕೂತಿದ್ದವು. ಕಾಲು ಸುಡದಿರಲಿ ಎಂದು ಸರಿಸಿಟ್ಟು ಹೋಗಿದ್ದ.

ನಾಲ್ಕು ದಿನದ ಮೇಲೆ ಪತ್ರಿಕೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ‘ವಿಷಾದ’ ಎಂದು ಬಂತು. ರೈತ ಮಹಿಳೆಯ ಹೇಳಿಕೆಯನ್ನು ತಿರುಚಲಾಗಿದೆ, ವರದಿಗಾರ ಇನ್ನು ಮುಂದೆ ನಮ್ಮವರಲ್ಲ ಎಂದು, ಹೆಸರಿನ ಸಮೇತ. ಅಕ್ಷರ ಜೋಡಿಸಿಕೊಂಡು ನಾನೇ ಓದಿದೆ. ಓದಲು ಕಲಿಸಿದವನ ಹೆಸರು.

ಆಮೇಲೆ ಅವನು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡಲು ಕೂತ. ಅಲ್ಲೂ ಬುದ್ಧಿ ಬಿಡಲಿಲ್ಲ. ಬದುವಿನ ಜಗಳದ ಅರ್ಜಿಯಲ್ಲಿ ಪಕ್ಕದ ಹೊಲದವನು ಏನನ್ನುತ್ತಾನೆ ಎಂದೂ ಒಂದು ಸಾಲು ಸೇರಿಸುವನು. ‘‘ಅಲ್ಲ ಸ್ವಾಮಿ, ನನ್ನ ಅರ್ಜೀಲಿ ಆ ನನ್ಮಗನ ಮಾತು ಯಾಕ್ ಬರೀತೀರಿ?’’ ಎಂದು ಜನ ಹಾಳೆ ಕಿತ್ತುಕೊಂಡು ಪಕ್ಕದವನ ಹತ್ತಿರ ಹೋಗುತ್ತಿದ್ದರು. ಹಬ್ಬಕ್ಕೆ ನಮ್ಮ ಮನೆಗೆ ಬರುವುದು ಬಿಡಲಿಲ್ಲ. ಉಣ್ಣುವನು, ಮಕ್ಕಳನ್ನು ವಿಚಾರಿಸುವನು. ಆ ದಿನದ ಬಗ್ಗೆ ಒಂದು ಮಾತು ಇಲ್ಲ.

ಒಂದು ಮಾತ್ರ ಬದಲಾಗಿತ್ತು. ಮಾತನ್ನು ಅರ್ಧಕ್ಕೆ ನಿಲ್ಲಿಸಲು ಶುರು ಮಾಡಿದ. ‘‘ಸಾರು ಚೆನ್ನಾಗೈತೆ ಕಣಮ್ಮಿ, ಆದ್ರೆ...’’ ಎಂದು ನಿಲ್ಲಿಸಿ, ಎಲ್ಲರ ಮುಖ ಒಂದೊಂದಾಗಿ ನೋಡುವನು. ಏನೋ ಕಾಯುತ್ತಿರುವಂತೆ. ಆದ್ರೆ ಏನು ಎಂದು ಯಾರಾದರೂ ಕೇಳುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದ, ಅಷ್ಟೆ. ನಾವು ಯಾರೂ ಕೇಳಲಿಲ್ಲ. ಮಕ್ಕಳಿಗೆ ಹೆದರಿಕೆ. ಗಂಡ, ತಲೆಗೆ ಏನೋ ಆಗಿದೆ ಎಂದ. ಕೇಳುವ ಧೈರ್ಯ ನನಗಿರಲಿಲ್ಲ.

ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಕೊನೆಯ ವಾರ ನಾನೇ ಪಕ್ಕದಲ್ಲಿದ್ದೆ. ಒಂದು ದಿನ ಬೆಳಗ್ಗೆ ಎಳನೀರು ಕುಡಿಸುವಾಗ ಕಣ್ಣು ಬಿಟ್ಟು ನನ್ನನ್ನೇ ನೋಡಿ, ‘‘ಅವತ್ತು ನಾನು ಕರ್ದಿದ್ದು ನಿಂಗೆ ಕೇಳಿಸ್ತು ಅಂತ ನಂಗೆ ಗೊತ್ತಿತ್ತು ಅಮ್ಮಿ, ಆದ್ರೆ...’’ ಎಂದ. ನಿಲ್ಲಿಸಿದ. ನನ್ನ ಮುಖ ನೋಡುತ್ತಾ ಕಾದ. ಕೇಳಬೇಕಿತ್ತು. ಲೋಟ ತೊಳೆದುಕೊಂಡು ಬರುತ್ತೇನೆ ಎಂದು ಎದ್ದುಹೋದೆ. ಅವನು ಮತ್ತೆ ಮಾತಾಡಲಿಲ್ಲ. ಆಮೇಲಿನ ಮಾತು ಕ್ಷಮೆಯೋ, ಶಾಪವೋ, ಸುಮ್ಮನೆ ನೀರು ಕೊಡು ಎಂಬುದೋ, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ತೀರಿಕೊಂಡ ಎಂಟನೆಯ ದಿನ ಖಲೀಲ್ ಸಾಬರ ಜೊತೆ ಹೋಗಿ ಅವನ ಕೋಣೆಯ ಬೀಗ ತೆಗೆಸಿದೆ. ನಡು ಮಧ್ಯಾಹ್ನ. ಗೋಡೆಯಿಂದ ಗೋಡೆಗೆ ನೂಲು ಕಟ್ಟಿ ಪೇಪರುಗಳನ್ನು ಬಟ್ಟೆಯಂತೆ ಒಣಹಾಕಿದ್ದ. ಪ್ರತಿ ಹಾಳೆಯಲ್ಲೂ ಕತ್ತರಿಸಿದ ಚೌಕಗಳು. ಕೆಲವು ಹಾಳೆಗಳಲ್ಲಿ ಹವಾಮಾನ, ಗೂಡಿನ ಧಾರಣೆ, ಸತ್ತವರ ಫೋಟೊ ಮಾತ್ರ ಉಳಿದಿದ್ದವು. ಕೆಲವು ಬರೀ ಅಂಚು. ಕಿಟಕಿಯ ಬಿಸಿಲು ಆ ತೂತುಗಳಿಂದ ಹಾದು ಎದುರು ಗೋಡೆಯ ಮೇಲೆ ಬಿಳಿ ಚೌಕಗಳಾಗಿ ಬಿದ್ದಿತ್ತು, ಏನೂ ಅಚ್ಚಾಗದ ಪುಟದ ಹಾಗೆ. ಬಾಗಿಲು ತೆಗೆದ ಗಾಳಿಗೆ ಹಾಳೆಗಳೆಲ್ಲ ಒಟ್ಟಿಗೆ ಮಿಸುಕಿದವು. ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು, ನೂರಾರು ತಟ್ಟೆಗಳಲ್ಲಿ ಹುಳ ಸೊಪ್ಪು ಮೇಯುವ ಸದ್ದು. ಚೌಕಗಳು ಗೋಡೆಯ ಮೇಲೆ ನಡೆದವು. ನಾನು ಹೊಸಿಲಲ್ಲೇ ನಿಂತೆ.

‘‘ಒಂದೇ ಕಡೆ ಬರೆದಿರೋದನ್ನೆಲ್ಲ ಕತ್ತರಿಸೋರು’’ ಎಂದರು ಖಲೀಲ್ ಸಾಬರು. ‘‘ಅದ್ರಲ್ಲೇ ಒಲೆ ಹಚ್ಚಿ ನಂಗೆ ಟೀ ಕೊಡೋರು. ಅರ್ಧ ಮಾತು ಚೆನ್ನಾಗಿ ಉರೀತದೆ ಸಾಬ್ರೆ ಅನ್ನೋರು.’’ ಗೋಡೆ ನೋಡುತ್ತಲೇ ಕೇಳಿದರು: ‘‘ಅಮ್ಮಾ, ಅವತ್ತು ನಾನೂ ಇದ್ದೆ. ಕಿವಿಯಲ್ಲಿ ಕೇಳ್ದೆ. ನನ್ನ ಬಾಯಿ ಮಾತು ನಡೆಯಲ್ಲ ಅಂದ್ರು. ನಿಮ್ಮ ಬಾಯಿ ಒಂದು ಸಾಕಿತ್ತು. ಯಾಕೆ ಬರ್ಲಿಲ್ಲ ನೀವು?’’

ನಾನು ಹೊಸಿಲಿಂದ ಹಿಂದಕ್ಕೆ ಸರಿದು ಚಪ್ಪಲಿ ಮೆಟ್ಟಿದೆ.

ಹನ್ನೊಂದನೆಯ ದಿನದ ತಿಥಿ ನಮ್ಮ ಮನೆಯಲ್ಲೇ ಆಯಿತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ಪದ್ಧತಿ. ಮುದ್ದೆ, ಅವರೆಕಾಳಿನ ಸಾರು, ಒಂದು ಲೋಟ ಟೀ. ನನ್ನ ಮಗ ಆ ದಿನದ ಪೇಪರನ್ನೂ ಇಟ್ಟ. ಅಂಗಳದಲ್ಲಿ ಶಾಮಿಯಾನ ಹಾಕಿಸಿ ಜನರನ್ನು ಸಾಲಾಗಿ ಕೂರಿಸಿದ್ದೆವು. ಶಾಲು ಹೊದಿಸಿದ ಮುಖಂಡರೂ ಬಂದಿದ್ದರು. ಖಲೀಲ್ ಸಾಬರು ಅವರ ಎದುರು ಸಾಲಿನಲ್ಲಿ ಕೂತಿದ್ದರು. ನಾನು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದೆ.

‘‘ಒಳ್ಳೇ ಮನ್ಸ ಕಣ್ಲಾ, ಯಾರ್ ಮನೆ ಹಾಳು ಮಾಡ್ದೋನಲ್ಲ’’ ಎಂದ ಒಬ್ಬ ನೆಂಟ.

‘‘ಎಲ್ಲ ಸರಿ ಕಣ್ಲಾ. ಅದೊಂದು ಸುಳ್ಳು ಬರೀಬಾರ್ದಾಗಿತ್ತು. ಅದೂ ತಂಗಿ ಹೆಸ್ರಲ್ಲಿ’’ ಎಂದ ಇನ್ನೊಬ್ಬ, ಮುದ್ದೆ ಮುರಿಯುತ್ತಾ. ‘‘ಯಾರ್ ಏನ್ ಕೊಟ್ಟಿದ್ರೋ.’’

‘‘ಸತ್ತೋರ್ ಮಾತು ಬುಡಿ ಈಗ’’ ಎಂದರು ಮುಖಂಡರು. ‘‘ಅಕ್ಕ, ಇಲ್ಲಿಗೊಸಿ ಸಾರು ಬಿಡಿ.’’

ನಾನು ಬಿಡಲಿಲ್ಲ. ಬಕೆಟ್ಟನ್ನು ಸಾಲಿನ ನಡುವೆ ಕೆಳಗಿಟ್ಟೆ.

‘‘ಅಣ್ಣ ಬರ್ದಿದ್ದು ಸುಳ್ಳಲ್ಲ’’ ಎಂದೆ. ದನಿ ನನ್ನದಲ್ಲದ ಹಾಗೆ ಬಂತು. ಇನ್ನೊಂದು ಸಲ ಹೇಳಿದೆ, ಗಟ್ಟಿಯಾಗಿ. ಉಣ್ಣುತ್ತಿದ್ದ ಕೈಗಳು ನಿಂತವು.

‘‘ಏನೇ ಅದು? ಬಡ್ಸು ಮೊದ್ಲು’’ ಎಂದು ಗಂಡ ಹಿಂದಿನಿಂದ ಸೆರಗು ಎಳೆದ.

‘‘ಬುಡಿ ಕೈಯ. ಮನೆ ಮುಂದೆ ಮಾರ್ಕತ್ತೀವಿ ಅಂತ ಹೇಳಿದ್ದು ನಾನೇಯ. ಆದ್ರೆ ಹರಾಜಿನ ಕಟ್ಟೆ ಇಲ್ದಿದ್ರೆ ನಮ್ಮನ್ನ ಕಾಯೋರಿಲ್ಲ ಅಂತ ಹೇಳಿದ್ದೂ ನಾನೇಯ. ಒಂದೇ ಉಸಿರಲ್ಲಿ ಹೇಳ್ದೆ. ಟಿವಿಯೋರು ಒಂದು ತೋರ್ಸಿದ್ರು. ಅಣ್ಣ ಎರಡೂ ಬರ್ದ. ಕೂತವ್ರಲ್ಲ ಖಲೀಲ್ ಸಾಬ್ರು, ಅವ್ರೂ ಕೇಳಿಸ್ಕಂಡವ್ರೆ.’’

ಮುಖಂಡರು ತಲೆ ಎತ್ತಿದರು. ‘‘ಇದನ್ನ ಅವತ್ತೇ ಹೇಳ್ಬೋದಾಗಿತ್ತಲ್ಲಕ್ಕ’’ ಎಂದರು. ಕೋಪದಲ್ಲಿ ಹೇಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಸುಲಭವಾಗುತ್ತಿತ್ತು.

‘‘ನೀವು ಹೊದ್ಸಿದ ಶಾಲು ಬೆಚ್ಚಗಿತ್ತು. ಅದಕ್ಕೇ ಹೇಳ್ಲಿಲ್ಲ.’’

ಖಲೀಲ್ ಸಾಬರು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ನಾನು ಎಡೆಯ ಕಡೆ ತಿರುಗಿದೆ. ಅವನ ಫೋಟೊ ನನ್ನ ಮುಖ ನೋಡುತ್ತಿತ್ತು. ಇಷ್ಟು ಜನರ ಮುಂದೆ ಅವನ ಜೊತೆ ಮಾತಾಡಿದರೆ ಹುಚ್ಚಿ ಎನ್ನುತ್ತಾರೆ ಎನ್ನಿಸಿತು. ಅಂದುಕೊಳ್ಳಲಿ ಎಂದು ಬಾಯಿ ತೆರೆದೆ.

‘‘ಅಣ್ಣಯ್ಯ, ನೀನು ಕರ್ದಿದ್ದು ಮೂರೂ ಸಲ ಕೇಳಿಸ್ತು. ಹುಳಕ್ಕೆ ಜ್ವರ ಅಂತ ಸುಳ್ಳು ಹೇಳಿಸ್ದೆ. ಗೂಡು ಮಾರಿ ಆಗಿತ್ತು, ತಟ್ಟೆ ತೊಳ್ದು ಜೋಡ್ಸಿದ್ದೆ. ಒಳಗೆ ಒಂದು ಹುಳಾನೂ ಇರ್ಲಿಲ್ಲ ಕಣಣ್ಣ. ನಾನೊಬ್ಳೇ ಇದ್ದೆ. ತಪ್ಪಾಯ್ತು.’’